16ನೇ ತಾರೀಖಿಗೆ ದರ ಎಷ್ಟಿತ್ತು?

ಹಾಲಿನ ಸಂಘಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸಂಘದಲ್ಲಿ ಆಡಿಟ್ ನಡೆಯುವ ದಿನ ನಾನೂ ಅಲ್ಲಿದ್ದೆ. ಆಡಿಟರ್ ಒಬ್ಬ ಸದಸ್ಯರ ಬಟವಾಡೆ ಚೀಟಿ ತೆಗೆದುಕೊಂಡು, ಪರದೆಯ ಮೇಲಿದ್ದ ದರಕ್ಕೆ ಗುಣಿಸಿ ನೋಡಿದರು. ಚೀಟಿಯಲ್ಲಿ 90 ರೂಪಾಯಿ ಕಡಿಮೆ ಇತ್ತು. "ರೈತರಿಗೆ ಕಡಿಮೆ ಕೊಟ್ಟಿದ್ದೀರಲ್ಲ?" ಅಂದರು.

ಕಡಿಮೆ ಕೊಟ್ಟಿರಲಿಲ್ಲ. 1ರಿಂದ 15ರವರೆಗಿನ ಹಾಲಿಗೆ 16ರಂದು ಬಿಲ್ ಆಗಿತ್ತು. ಲೀಟರಿಗೆ 1 ರೂಪಾಯಿ 50 ಪೈಸೆ ಏರಿಸಿದ ಆದೇಶಕ್ಕೆ ಸಹಿ ಬಿದ್ದಿದ್ದು 18ಕ್ಕೆ, ಆದರೆ ಅದು ಜಾರಿಗೆ ಬರುವುದು 11ರ ಬೆಳಗಿನ ಹಾಲಿನಿಂದ ಅಂತ ಬರೆದಿತ್ತು. ದಿನಕ್ಕೆ 12 ಲೀಟರ್ ಹಾಕುವ ಮನೆಗೆ ಐದು ದಿನದ ವ್ಯತ್ಯಾಸ 90 ರೂಪಾಯಿ, ಅದು ಮುಂದಿನ ಬಟವಾಡೆಯಲ್ಲಿ ಬಾಕಿ ಅಂತ ಸೇರಿ ಹೋಗಿದೆ. ಕಾರ್ಯದರ್ಶಿಗಳು ಇದನ್ನೆಲ್ಲ ಬಾಯಲ್ಲೇ ಹೇಳಿದರು. ಆದರೆ ಡೇಟಾಬೇಸ್ ಹೇಳಲಿಲ್ಲ. ಟೇಬಲ್ಲಿನಲ್ಲಿ ಹಳೇ ದರವಿದ್ದ ಸಾಲಿನ ಮೇಲೆ ಅಪ್‌ಡೇಟ್ ಓಡಿಸಿ, ಅಂದರೆ ಹಳೇ ಅಂಕಿಯನ್ನು ಅಳಿಸಿ ಅಲ್ಲೇ ಹೊಸದು ಬರೆದಿದ್ದರಿಂದ, 11ನೇ ತಾರೀಖಿನಿಂದಲೂ ಹೊಸ ದರವೇ ಇತ್ತು ಅನ್ನುವ ಹಾಗೆ ಕಾಣುತ್ತಿತ್ತು.

ಆಡಿಟರ್ ಕೇಳಿದ ಮುಂದಿನ ಪ್ರಶ್ನೆಯೇ ಇಡೀ ವಿಷಯ. "16ಕ್ಕೆ ಬಿಲ್ ಮಾಡಿದಾಗ ನಿಮ್ಮ ಹತ್ರ ಯಾವ ದರ ಇತ್ತು, ಅದನ್ನು ತೋರಿಸಿ."

ಇಲ್ಲಿ ಎರಡು ಕಾಲ ಇವೆ. ದರ ನಿಜವಾಗಿ ಯಾವಾಗಿನಿಂದ ಜಾರಿ ಅನ್ನುವುದು ಒಂದು, ಅದು ನಮ್ಮ ದಾಖಲೆಗೆ ಯಾವಾಗ ಬಂತು ಅನ್ನುವುದು ಇನ್ನೊಂದು. ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಸ್ಟ್ಯಾಂಡರ್ಡ್ 2011ರಲ್ಲೇ ಎರಡನ್ನೂ ಗುರುತಿಸಿದೆ. ಮರಿಯಾಡಿಬಿ ಅನ್ನುವ ಡೇಟಾಬೇಸ್, 10.3ನೇ ಆವೃತ್ತಿಯಿಂದ, ಕೇಳಿದರೆ ಎರಡನೆಯದನ್ನು ತಾನೇ ಇಟ್ಟುಕೊಳ್ಳುತ್ತೆ. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಅದನ್ನು ನಾವೇ ಕಟ್ಟಿಕೊಳ್ಳಬೇಕು.

ಕಟ್ಟಿಕೊಂಡೆವು. ಪ್ರತಿ ದರದ ಸಾಲಿಗೂ ಎರಡು ಅವಧಿ: ಜಾರಿಯದ್ದು, ದಾಖಲೆಯದ್ದು. ಅವಧಿಯಲ್ಲಿ ಶುರುವಿನ ಹೊತ್ತು ಸೇರುತ್ತೆ, ಕೊನೆಯ ಹೊತ್ತು ಸೇರುವುದಿಲ್ಲ. ಹಾಗಾಗಿ 10ರ ಸಂಜೆ ಹಾಲು ಹಳೇ ದರಕ್ಕೆ, 11ರ ಬೆಳಗಿನ ಹಾಲು ಹೊಸ ದರಕ್ಕೆ, ನಡುವೆ ಸಂದಿಯೂ ಇಲ್ಲ, ಎರಡಕ್ಕೂ ಸೇರುವ ಹೊತ್ತೂ ಇಲ್ಲ. ಮೊದಲು ಜಾರಿಯ ಕಾಲಮ್ಮಿನಲ್ಲಿ ಬರೀ ತಾರೀಖು ಇತ್ತು. ಸಂಜೆ ಹಾಲಿನಿಂದ ಜಾರಿ ಅಂತ ಆದೇಶ ಬಂದರೆ ಅದನ್ನು ಬರೆಯೋಕೆ ಜಾಗವೇ ಇರಲಿಲ್ಲ! ಒಂದೇ ಸಂಘದ ಎರಡು ಸಾಲುಗಳಲ್ಲಿ ಎರಡೂ ಅವಧಿಗಳು ಒಂದರ ಮೇಲೊಂದು ಬಿದ್ದರೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೈಂಟ್, ಅಂದರೆ ಡೇಟಾಬೇಸ್ ತಾನೇ ಕಾಯುವ ಒಂದು ನಿಯಮ, ತಡೆಯುತ್ತೆ. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ರಲ್ಲಿ ಸಾಲನ್ನು ಗುರುತಿಸುವ ಕೀಯಲ್ಲೇ ವಿದೌಟ್ ಓವರ್‌ಲ್ಯಾಪ್ಸ್ (ಒಂದರ ಮೇಲೊಂದು ಬೀಳಬಾರದು) ಅಂತ ಬರೆಯಬಹುದು, ಆದರೆ ಅದು ನೋಡುವುದು ಒಂದೇ ಅವಧಿಯನ್ನು. ಎರಡು ಕಾಲ ಬೇಕಾದವರಿಗೆ ಎಕ್ಸ್‌ಕ್ಲೂಷನ್‌ನ ಹಳೇ ದಾರಿಯೇ ಗತಿ.

ಇದಕ್ಕಿಂತ ಜಾಸ್ತಿ ತಲೆ ತಿಂದಿದ್ದು ಸಹಿಯ ವಿಷಯ. ಒಬ್ಬರು ದರ ಬರೆಯುತ್ತಾರೆ, ಇನ್ನೊಬ್ಬರು ನೋಡಿ ಒಪ್ಪುತ್ತಾರೆ. ಅದೇ ಟೇಬಲ್ಲಿಗೆ, ಒಪ್ಪಿಗೆ ಸಿಕ್ಕಿದೆಯೋ ಇಲ್ಲವೋ ತೋರಿಸುವ ಸ್ಟೇಟಸ್ ಅಂತ ಒಂದು ಕಾಲಮ್ ಹಾಕಿದರೆ ಸಾಕಲ್ವಾ ಅಂತ ತಂಡದಲ್ಲಿ ಮಾತು ಬಂತು. ನಾನು ಬೇಡ ಅಂದೆ, ಈಗಲೂ ಬೇಡ ಅಂತಲೇ ಹೇಳ್ತೇನೆ. ಯಾರೋ ಒಬ್ಬರು ಒಂದು ರಿಪೋರ್ಟಿನಲ್ಲಿ 'ಒಪ್ಪಿದ ಸಾಲು ಮಾತ್ರ' ಅನ್ನುವ ಷರತ್ತು ಮರೆತರೆ, ಯಾರೂ ಒಪ್ಪದ ದರ ರೈತರ ಬಿಲ್ಲಿಗೆ ಹೋಗಿಬಿಡುತ್ತೆ. ಪ್ರಸ್ತಾವಗಳಿಗೆ ಬೇರೆಯೇ ಟೇಬಲ್ ಮಾಡಿದೆವು. ಒಪ್ಪಿಗೆ ಸಿಕ್ಕ ಮೇಲೆ ಮಾತ್ರ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲಾ ಆಗಬೇಕು, ಇಲ್ಲದಿದ್ದರೆ ಯಾವುದೂ ಇಲ್ಲ), ದರದ ಟೇಬಲ್ಲಿಗೆ ಹೊಸ ಸಾಲು ಬರುತ್ತೆ, ಹಳೇ ಸಾಲಿನ ದಾಖಲೆ ಅವಧಿ ಅಲ್ಲಿಗೆ ಮುಗಿಯುತ್ತೆ. ಬರೆದವರೂ ಒಪ್ಪಿದವರೂ ಒಬ್ಬರೇ ಆಗಬಾರದು ಅನ್ನುವುದನ್ನು ಚೆಕ್ ಕನ್‌ಸ್ಟ್ರೈಂಟ್ ಆಗಿಯೇ, ಡೇಟಾಬೇಸ್ ಪ್ರತಿ ಸಾಲಿನಲ್ಲೂ ಪರೀಕ್ಷಿಸುವ ನಿಯಮವಾಗಿ, ಹಾಕಿದ್ದೇವೆ. ತಿರಸ್ಕರಿಸಿದ ಪ್ರಸ್ತಾವವನ್ನೂ ಅಳಿಸುವುದಿಲ್ಲ, ಯಾರು ಯಾಕೆ ಬೇಡ ಅಂದರು ಅನ್ನುವುದೂ ಮುಂದೆ ಬೇಕಾಗುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಪ್ರಸ್ತಾವ ಸಹಿಗೆ ಕಾಯುತ್ತಾ ನಾಲ್ಕು ದಿನ ಕೂರಬಹುದು, ಅಷ್ಟರಲ್ಲಿ ಅದೇ ದರಕ್ಕೆ ಬೇರೊಂದು ಬದಲಾವಣೆ ಒಪ್ಪಿಗೆಯಾಗಿ ಬಂದಿರಬಹುದು. ಆಮೇಲೆ ಮೊದಲಿನದಕ್ಕೆ ಸಹಿ ಬಿದ್ದರೆ ಎರಡನೆಯದು ಸುಮ್ನೆ ಮಾಯ. ಅಷ್ಟು ದಿನ ಬೇರೆ ಯಾರೂ ಬದಲಿಸದ ಹಾಗೆ ಸಾಲಿಗೆ ಲಾಕ್ ಹಾಕಿ ಕೂರೋಕಾಗಲ್ಲ. ಅದಕ್ಕೆ ಪ್ರಸ್ತಾವ ಬರೆದಾಗ ದರದ ಯಾವ ಆವೃತ್ತಿ ನೋಡಿ ಬರೆದರು ಅನ್ನುವುದನ್ನೂ ಜೊತೆಗೇ ಇಡುತ್ತೇವೆ. ಒಪ್ಪುವ ಹೊತ್ತಿಗೆ ಅದು ಹಳತಾಗಿದ್ದರೆ ಪ್ರಸ್ತಾವ ವಾಪಸ್, ಮತ್ತೆ ನೋಡಿ ಅಂತ.

ಕಾರ್ಯದರ್ಶಿಗಳಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಅವರ ಲೆಡ್ಜರಿನಲ್ಲಿ ತಪ್ಪು ಅಂಕಿಯನ್ನು ಯಾವತ್ತೂ ಕೆರೆದು ಅಳಿಸಿಲ್ಲ, ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ತಾರೀಖು ಹಾಕಿ ಸಹಿ ಮಾಡಿದ್ದಾರೆ. ಕಾಗದದ ಮೇಲೆ ಇದ್ದ ಶಿಸ್ತನ್ನು ಕಂಪ್ಯೂಟರಿಗೆ ಬಂದ ಮೇಲೆ ಕಳೆದುಕೊಂಡಿದ್ದರು, ಅದು ನನಗೆ ನಿಜಕ್ಕೂ ಬೇಸರ ತಂದಿತು.

ಹಳೇ ದರಗಳನ್ನು ಹೊಸ ಟೇಬಲ್ಲಿಗೆ ತುಂಬುವಾಗ ದಾಖಲೆಯ ಕಾಲ ಅಂತ ತುಂಬಿದ ದಿನವನ್ನೇ ಹಾಕಿದೆವು. ಊಹಿಸಿದ ತಾರೀಖು ಹಾಕಿದರೆ ಆಡಿಟರ್ ಅದನ್ನು ನಿಜ ಅಂತ ನಂಬುತ್ತಾರೆ. ಅದಕ್ಕಿಂತ ಹಿಂದಿನದಕ್ಕೆ ಚೀಟಿಗಳ ಕಟ್ಟನ್ನೇ ತೆಗೀಬೇಕು. ಈಗ ಹಾಲಿನ ಕೊಬ್ಬಿನ ಅಳತೆಯ, ಅಂದರೆ ಫ್ಯಾಟ್ ರೀಡಿಂಗಿನ, ತಿದ್ದುಪಡಿಗೂ ಇದೇ ವ್ಯವಸ್ಥೆ ಬೇಕು ಅಂತ ಸಂಘದವರೇ ಕೇಳಿದ್ದಾರೆ. ಅಲ್ಲಿ ಕಷ್ಟ ಬೇರೆ: ತಿದ್ದುಪಡಿ ದಿನಾ ಎರಡು ಹೊತ್ತೂ ಬರುತ್ತೆ, ಸಹಿ ಹಾಕುವವರು ಒಬ್ಬರೇ.