ಪಾಂಡಿಚೇರಿಗೆ ಹೊರಟಿದ್ದೀರಾ? ಮೊದಲು ಮನೆ ಹುಡುಕಿ

ಬೆಂಗಳೂರಿನಿಂದ ಪುದುಚೇರಿಗೆ ಮುನ್ನೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಶುಕ್ರವಾರ ರಾತ್ರಿ ಶಾಂತಿನಗರದಲ್ಲಿ ಬಸ್ ಹತ್ತಿ ಮಲಗಿದರೆ ಬೆಳಗಾಗುವ ಹೊತ್ತಿಗೆ ಸಮುದ್ರದ ಗಾಳಿ ಮುಖಕ್ಕೆ ಬಡಿಯುತ್ತದೆ. ಇಷ್ಟು ಹತ್ತಿರವಿರುವುದರಿಂದಲೇ ಇರಬೇಕು, ನಮ್ಮವರು ಉಳಿದುಕೊಳ್ಳುವ ಜಾಗದ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ನಾನೂ ಮೊದಲ ಸಲ ಹಾಗೆಯೇ ಹೋಗಿದ್ದೆ. ‘ಸಮುದ್ರ ಕಾಣುವ ಕೋಣೆ’ ಎಂದು ಹೆಚ್ಚು ಹಣ ತೆತ್ತಿದ್ದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಅದರ ಸಂದಿಯಲ್ಲಿ ಬೆರಳಗಲದ ನೀಲಿ. ಎರಡು ದಿನ ಊರೆಲ್ಲ ಸುತ್ತಿದರೂ ಊರು ಕೈಗೆ ಸಿಗದಂತೆಯೇ ಮರಳಿದ್ದೆ.

ಎರಡನೆಯ ಸಲ ಅಮ್ಮನನ್ನು ಕರೆದುಕೊಂಡು ಹೊರಟಾಗ ಮೊದಲು ಮನೆ ಹುಡುಕಿದೆ, ಉಳಿದದ್ದೆಲ್ಲ ಆಮೇಲೆ. ನೀವೂ ಹಾಗೆ ಮಾಡಿ.

ಊರಿನ ನಕ್ಷೆ ತಲೆಯಲ್ಲಿದ್ದರೆ ಆಯ್ಕೆ ಕಷ್ಟವಲ್ಲ. ಉತ್ತರ-ದಕ್ಷಿಣವಾಗಿ ಹೋಗುವ ದೊಡ್ಡ ಕಾಲುವೆಯೊಂದು ಹಳೆಯ ಊರನ್ನು ಎರಡು ಮಾಡಿದೆ. ಪೂರ್ವಕ್ಕೆ, ಸಮುದ್ರದ ಕಡೆಗೆ, ಫ್ರೆಂಚರ ಬೀದಿಗಳು; ಪಶ್ಚಿಮಕ್ಕೆ ತಮಿಳರ ಬೀದಿಗಳು. ಚದುರಂಗದ ಹಾಸಿನಂತೆ ಒಂದನ್ನೊಂದು ನೇರವಾಗಿ ಕತ್ತರಿಸುವ ಈ ಬೀದಿಗಳ ವಿನ್ಯಾಸ ಫ್ರೆಂಚರದಲ್ಲ, 1693ರಿಂದ ಆರು ವರ್ಷ ಊರನ್ನು ಹಿಡಿದಿದ್ದ ಡಚ್ಚರದು. 1761ರಲ್ಲಿ ಬ್ರಿಟಿಷರು ಊರನ್ನು ಕೆಡವಿ ಹಾಕಿದರು. ಇಂದು ಕಾಣುವ ಹಳೆಯ ಮನೆಗಳು ಬಹುಮಟ್ಟಿಗೆ ಆಮೇಲೆ ಎದ್ದವು. ಹಾಗಾಗಿ ‘ನಾನೂರು ವರ್ಷದ ಮನೆ’ ಎಂದು ಯಾರಾದರೂ ಬಾಡಿಗೆ ಏರಿಸಿದರೆ ಹಿಂದೆ ಸರಿಯಿರಿ.

ಫ್ರೆಂಚರ ಕಡೆಯ ಹೋಟೆಲುಗಳು ನಿಜಕ್ಕೂ ಸುಂದರ. ಹಳದಿ ಗೋಡೆ, ಎತ್ತರದ ಸೂರು, ಕಾಂಪೌಂಡಿನ ಮೇಲೆ ಬಾಗಿದ ಕಾಗದದ ಹೂವು. ಆದರೆ ಬಾಡಿಗೆ ಹೆಚ್ಚು, ವಾರಾಂತ್ಯದಲ್ಲಂತೂ ಬಾಗಿಲ ಮುಂದೆಯೇ ಫೋಟೊ ತೆಗೆಸಿಕೊಳ್ಳುವವರ ಸಾಲು. ಕಡಿಮೆ ಖರ್ಚಿನಲ್ಲಿ ಸಮುದ್ರದ ಪಕ್ಕದಲ್ಲೇ ಇರಬೇಕೆಂದರೆ ಅರವಿಂದಾಶ್ರಮದ ಅತಿಥಿಗೃಹಗಳಿವೆ. ಅಲ್ಲಿ ಮದ್ಯ, ಸಿಗರೇಟು ನಿಷಿದ್ಧ. ರಾತ್ರಿ ಬೇಗನೆ ಗೇಟು ಮುಚ್ಚುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಸೂರ್ಯೋದಯ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಸ್ನೇಹಿತರ ಜೊತೆ ತಡರಾತ್ರಿಯವರೆಗೆ ತಿರುಗುವವರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ನನ್ನ ಮನಸ್ಸು ನಿಂತದ್ದು ಕಾಲುವೆಯ ಆಚೆ, ತಮಿಳರ ಬೀದಿಯ ಮನೆಯೊಂದರಲ್ಲಿ. ಆ ಕಡೆಯ ಕೆಲವು ಬೀದಿಗಳ ಮನೆಗಳನ್ನು ಹಳೆಯ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆ ಮುತುವರ್ಜಿಯಿಂದ ದುರಸ್ತಿ ಮಾಡಿಸಿದೆ. ವೈಸಿಯಾಳ್ ಬೀದಿಯನ್ನು ಒಮ್ಮೆ ನಡೆದು ನೋಡಿ. ಕೆಳಗಿನ ಅಂತಸ್ತು ತಮಿಳು ಮನೆ: ಬೀದಿಗೆ ತಿಣ್ಣೈ, ಅದರ ಮೇಲೆ ಮರದ ಕಂಬಗಳು ಹೊತ್ತ ಇಳಿಜಾರು ಸೂರು. ಮೇಲಿನ ಅಂತಸ್ತು ಫ್ರೆಂಚ್: ಕಮಾನಿನ ಕಿಟಕಿ, ಗಾರೆಯ ಅಲಂಕಾರ. ಎರಡು ನಾಡು ಒಂದೇ ಗೋಡೆಯಲ್ಲಿ ಹೀಗೆ ಮೇಲೆ ಕೆಳಗೆ ಕೂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಮ್ಮ ಹುಟ್ಟಿ ಬೆಳೆದದ್ದು ನಾಗಮಂಗಲದ ಹತ್ತಿರದ ತೊಟ್ಟಿ ಮನೆಯಲ್ಲಿ. ಆ ಮನೆ ಈಗಿಲ್ಲ. ಆಟೋ ಇಳಿದವರೇ ಅವರು ತಿಣ್ಣೈಯ ಅಂಚನ್ನು ಅಂಗೈಯಿಂದ ಸವರಿ, “ಜಗುಲಿ ಕಣೋ ಇದು” ಎಂದು ಅಲ್ಲೇ ಕುಳಿತುಬಿಟ್ಟರು. ಒಳಗೆ ಹೋದರೆ ನಡುವೆ ಆಕಾಶಕ್ಕೆ ತೆರೆದ ಚೌಕ. ತಮಿಳಿನಲ್ಲಿ ಅದು ಮುಟ್ರಮ್, ನಮ್ಮಲ್ಲಿ ತೊಟ್ಟಿ. ನಾಲ್ಕು ಮೂಲೆಗೂ ತೇಗದ ಕಂಬ, ಅಂಚಿನಲ್ಲಿ ನೀರು ಹೋಗುವ ಕಲ್ಲಿನ ದೋಣಿ. ಮಧ್ಯಾಹ್ನ ಮಳೆ ಬಂತು. ಹೆಂಚಿನ ತುದಿಯಿಂದ ನೀರು ಮೊದಲು ಹನಿಹನಿಯಾಗಿ, ಆಮೇಲೆ ದಾರವಾಗಿ ಇಳಿದು, ಕಲ್ಲಿನ ಮೇಲೆ ಒಂದೊಂದು ದಾರಕ್ಕೂ ಒಂದೊಂದು ಸದ್ದು. ಮನೆಯೊಡತಿ ಹಿತ್ತಾಳೆಯ ಕೊಡ ತಂದು ಧಾರೆಯ ಕೆಳಗಿಟ್ಟರು. ಅಮ್ಮ ಎದ್ದು ಹೋಗಿ, ಕೇಳದೆಯೇ, ಕೊಡವನ್ನು ಒಂದು ಗೇಣು ಎಡಕ್ಕೆ ಸರಿಸಿದರು. ಧಾರೆ ನೇರ ಬಾಯಿಗೆ ಬಿತ್ತು. ಆಕೆ ತಮಿಳಿನಲ್ಲಿ, ಅಮ್ಮ ಕನ್ನಡದಲ್ಲಿ ಸಂಜೆಯವರೆಗೂ ಮಾತನಾಡಿದರು. ಹೋಟೆಲಿನಲ್ಲಿ ಉಳಿದಿದ್ದರೆ ಅಮ್ಮನ ಆ ಮುಖವನ್ನು ನಾನು ನೋಡುತ್ತಿರಲಿಲ್ಲ.

ಇಂಥ ಮನೆ ಗೊತ್ತುಮಾಡುವ ಮೊದಲು ಫೋನಿನಲ್ಲಿ ನೇರವಾಗಿ ಮಾತನಾಡಿ. ಮನೆಯವರು ಅಲ್ಲೇ ವಾಸವಿದ್ದಾರೆಯೇ ಎಂಬುದು ಮೊದಲ ಪ್ರಶ್ನೆ. ಇಲ್ಲವೆಂದರೆ ಅದು ಹಳೆಯ ಗೋಡೆಯ ಲಾಡ್ಜ್ ಅಷ್ಟೆ. ಕೋಣೆ ಯಾವ ಅಂತಸ್ತಿನಲ್ಲಿದೆ ಎಂದು ಕೇಳಿ. ಮಹಡಿಯ ಮೆಟ್ಟಿಲು ಕಡಿದಾಗಿರುತ್ತದೆ, ಮಂಡಿ ನೋವಿನವರಿಗೆ ಆಗದು. ಕೆಳಗೆ ತೊಟ್ಟಿಗೆ ತೆರೆದ ಕೋಣೆಯಾದರೆ ಬೆಳಿಗ್ಗೆ ಪಾತ್ರೆಯ ಸದ್ದಿಗೇ ಎಚ್ಚರವಾಗುತ್ತದೆ. ಕೆಲವು ಒಳಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ, ಅದನ್ನು ಫೋಟೊ ತೋರಿಸುವುದಿಲ್ಲ. ಸೊಳ್ಳೆಪರದೆ ಇದೆಯೇ, ಕಾರು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ವಿಚಾರಿಸಿ. ನಿಜ ಹೇಳಬೇಕೆಂದರೆ ಕಾರು ಬೇಡವೇ ಬೇಡ. ಹಳೆಯ ಊರನ್ನು ಕಾಲ್ನಡಿಗೆಯಲ್ಲೇ ನೋಡಿ ಮುಗಿಸಬಹುದು, ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಆಟೋದವರೊಡನೆ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.

ಕಡಲ ದಂಡೆಯ ರಸ್ತೆಗೆ ಸಂಜೆ ಆರರಿಂದ ಮರುದಿನ ಬೆಳಿಗ್ಗೆ ಏಳೂವರೆಯವರೆಗೆ ವಾಹನ ಬಿಡುವುದಿಲ್ಲ. ಆಗ ಊರಿಗೆ ಊರೇ ಗಾಂಧಿ ಪ್ರತಿಮೆಯ ಸುತ್ತ ಸೇರುತ್ತದೆ: ಸುಂಡಲ್ ಮಾರುವವರು, ಚಪ್ಪಲಿ ಬಿಟ್ಟು ಓಡುವ ಮಕ್ಕಳು, ಕೆಂಪು ಟೋಪಿಯ ಪೊಲೀಸರು. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಜೋರು. ಬೆಳಿಗ್ಗೆ ಗೂಬೇರ್ ಮಾರುಕಟ್ಟೆಗೆ ಹೋಗಿ ಮಲ್ಲಿಗೆಯ ರಾಶಿ, ಮೀನಿನ ಮಾರಾಟ ನೋಡಿ. ಕವಿ ಸುಬ್ರಮಣ್ಯ ಭಾರತಿ 1908ರಿಂದ ಹತ್ತು ವರ್ಷ ಈ ಊರಿನಲ್ಲಿ ತಲೆಮರೆಸಿಕೊಂಡಿದ್ದರು. ಅವರಿದ್ದ ಮನೆ ಈಗ ವಸ್ತುಸಂಗ್ರಹಾಲಯ. ಹಲವು ದೇಶಗಳ ಜನ ಒಟ್ಟಿಗೆ ಬದುಕುವ ಆರೋವಿಲ್ ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್. ಅದಕ್ಕೊಂದು ಪೂರ್ತಿ ದಿನ ಬೇಕು, ಎರಡು ದಿನದ ಪ್ರವಾಸದಲ್ಲಿ ತುರುಕಬೇಡಿ.

ನಮ್ಮಲ್ಲಿ ಮಳೆ ಮುಗಿಯಿತು ಎನ್ನುವ ಹೊತ್ತಿಗೆ ಅಲ್ಲಿ ಹಿಂಗಾರು ಶುರು. ನವೆಂಬರಿನಲ್ಲಿ ಚಂಡಮಾರುತದ ಸುದ್ದಿ ನೋಡದೆ ಹೊರಡಬೇಡಿ; 2024ರ ನವೆಂಬರ್ ಕೊನೆಗೆ ಫೆಂಗಲ್ ಬಂದಾಗ ಬೀದಿಗಳು ಹೊಳೆಯಾಗಿದ್ದವು. ಜನವರಿ, ಫೆಬ್ರುವರಿ ಹಿತ. ಹೊಸ ವರ್ಷದ ವಾರ ಬಿಟ್ಟುಬಿಡಿ, ಬಾಡಿಗೆ ಮುಗಿಲು ಮುಟ್ಟುತ್ತದೆ. ಏಪ್ರಿಲ್-ಮೇ ರಜೆಗೆ ಮಕ್ಕಳನ್ನು ಕರೆದೊಯ್ದರೆ ಬಿಸಿಲಿಗೆ ಅವರು ಬಾಡಿಹೋಗುತ್ತಾರೆ.

ಸ್ವಂತ ವಾಹನದಲ್ಲೇ ಹೋಗುವವರು ಮರಳುವಾಗ ನಸುಕಿನಲ್ಲೇ ಹೊರಡಿ, ದಾರಿಯಲ್ಲಿ ಸೆಂಜಿ ಕೋಟೆ ಸಿಗುತ್ತದೆ. ಬಂಡೆ ಕಾಯುವ ಮೊದಲು ಕೋಟೆಯ ರಾಜಗಿರಿ ಬೆಟ್ಟ ಹತ್ತಿ ಇಳಿಯಬಹುದು. ಅಲ್ಲಿಂದ ಮುಂದೆ ತಿರುವಣ್ಣಾಮಲೈ. ಹೊರಡುವ ದಿನ ಗೊತ್ತುಮಾಡುವಾಗ ಒಮ್ಮೆ ಪಂಚಾಂಗ ನೋಡಿ: ಹುಣ್ಣಿಮೆಯ ದಿನ ಗಿರಿಪ್ರದಕ್ಷಿಣೆಗೆ ಲಕ್ಷಾಂತರ ಜನ ಸೇರುತ್ತಾರೆ, ಆ ರಸ್ತೆಯಲ್ಲಿ ಕಾರು ಮುಂದೆ ಸಾಗುವುದಿಲ್ಲ.