ಹಳದಿ ಗೆರೆ ಎಳೆದ್ಬಿಟ್ರೆ ಫೋರ್ಕ್‌ಲಿಫ್ಟ್ ನಿಲ್ಲಲ್ಲ

ಗೋಡೌನ್‌ನಲ್ಲಿ ಡಿಸ್ಪ್ಯಾಚ್ ಶಿಫ್ಟ್ ನೋಡ್ಕೊಳ್ಳೋ ಕೆಲಸ ನಂದು, 11 ವರ್ಷ ಆಯ್ತು. ಇಷ್ಟು ವರ್ಷನೂ ಫೋರ್ಕ್‌ಲಿಫ್ಟ್‌ನಲ್ಲಿ, ಅಂದ್ರೆ ಸರಕು ಎತ್ತಿ ಸಾಗಿಸೋ ಗಾಡೀಲಿ, ಅಪಾಯ ಇರೋದು ಮುಂದ್ಗಡೆ ಅಂತಲೇ ಅಂದ್ಕೊಂಡಿದ್ದೆ, ಹೊಸದಾಗಿ ಸೇರಿದೋರಿಗೂ ಅದನ್ನೇ ಹೇಳ್ತಿದ್ದೆ, ಎತ್ತಿರೋ ಲೋಡ್ ಕೆಳಗೆ ನಿಲ್ಬೇಡಿ, ಫೋರ್ಕ್ (ಮುಂದೆ ಲೋಡ್ ಎತ್ತೋ ಎರಡು ಕಬ್ಬಿಣದ ತೋಳು) ಎದುರಿಗೆ ಹೋಗ್ಬೇಡಿ ಅಂತ. ಸರಕು ಎಣಿಸಿ ಬರ್ಕೊಳ್ಳೋ ನಮ್ಮ ಚೆಕ್ಕರ್ ಹುಡುಗನ ಕಾಲು ಹಿಂದಿನ ಚಕ್ರಕ್ಕೆ ಸಿಕ್ಕ ದಿನ ಗೊತ್ತಾಯ್ತು, ನಾನು ಇಷ್ಟು ದಿನ ಹೇಳ್ಕೊಟ್ಟಿದ್ದು ಅರ್ಧ ಮಾತ್ರ.

ಆವತ್ತು ಗಾಡಿ ಖಾಲಿ ಇತ್ತು, ಫೋರ್ಕ್ ಕೆಳಗೇ ಇತ್ತು, ರ್ಯಾಕ್‌ಗಳ ಮಧ್ಯೆ ಓಡಾಡೋ ದಾರೀಲಿ ನಿಂತಿತ್ತು. ಹುಡುಗ ಬಲಗಡೆಯಿಂದ ಬಂದು ಹಿಂದಿನ ಚಕ್ರದ ಪಕ್ಕ ನಿಂತ್ಕೊಂಡು "ಅಣ್ಣಾ, ಆ ಸಾಲಲ್ಲಿ ಎಷ್ಟು ಪ್ಯಾಲೆಟ್ ಇಟ್ರಿ?" ಅಂತ ಕೇಳಿದ. ಪ್ಯಾಲೆಟ್ ಅಂದ್ರೆ ಸರಕು ಜೋಡಿಸಿಡೋ ಹಲಗೆ. ಗಾಡಿ ಓಡಿಸೋ ಆಪರೇಟರ್ ಇಪ್ಪತ್ನಾಲ್ಕು ಅಂದ್ರು. ಇವ್ನು ಬರ್ಕೊಳ್ಳೋಕೆ ತಲೆ ಬಗ್ಗಿಸ್ದ, ಆಪರೇಟರ್ ಇವ್ನು ಹೋದ ಅಂದ್ಕೊಂಡು ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿ ಮುಂದೆ ಬಿಟ್ರು, ಗಾಡಿ ಹಿಂಭಾಗ ಬಲಕ್ಕೆ ಬೀಸ್ತು. ಸೇಫ್ಟಿ ಶೂ ಇತ್ತು, ಆದ್ರೆ ಅದ್ರ ಸ್ಟೀಲ್ ಕಾಪಾಡೋದು ಬೆರಳನ್ನ, ಚಕ್ರ ಹತ್ತಿದ್ದು ಅದ್ರ ಹಿಂದೆ ಪಾದದ ಮೇಲೆ. ಎರಡು ಮೂಳೆ ಮುರೀತು. ಆ ಪೇಪರ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ, 24 ಬರೆಯೋಕೆ ಹೋಗಿ 2 ಮಾತ್ರ ಬರ್ದಿದಾನೆ, ಅಲ್ಲಿಂದ ಪೆನ್ನಿನ ಗೆರೆ ಪೇಪರ್ ಅಂಚಿನವರೆಗೂ ಜಾರ್ಕೊಂಡು ಹೋಗಿದೆ.

ಕಾರ್ ತಿರುಗೋದು ಮುಂದಿನ ಚಕ್ರದಿಂದ, ಫೋರ್ಕ್‌ಲಿಫ್ಟ್ ತಿರುಗೋದು ಹಿಂದಿನ ಚಕ್ರದಿಂದ. ಹಾಗಾಗಿ ಮೂತಿ ಎಡಕ್ಕೆ ಹೋದ್ರೆ ಬಾಲ ಬಲಕ್ಕೆ ಬರುತ್ತೆ, ಅದೂ ನಾವು ಅಂದ್ಕೊಂಡಿರೋದಕ್ಕಿಂತ ಜೋರಾಗಿ. ಎರಡೂವರೆ ಟನ್ ಎತ್ತೋ ಗಾಡಿ ತೂಕನೇ ಹತ್ರ ಹತ್ರ ನಾಲ್ಕು ಟನ್, ಎತ್ತಿದ ಲೋಡ್‌ಗೆ ಗಾಡಿ ಮುಂದಕ್ಕೆ ಮಗುಚಬಾರ್ದು ಅಂತ ಹಿಂದ್ಗಡೆ ಕಬ್ಬಿಣದ ದಿಮ್ಮಿ ಹಾಕಿರ್ತಾರಲ್ಲ ಕೌಂಟರ್‌ವೇಟ್ ಅಂತ, ಖಾಲಿ ಇದ್ದಾಗ ಭಾರ ಜಾಸ್ತಿ ಬೀಳೋದು ಹಿಂದಿನ ಚಕ್ರದ ಮೇಲೇ. ಖಾಲಿ ಗಾಡಿ ತಾನೇ ಅಂತ ಪಕ್ಕದಲ್ಲಿ ನಿಲ್ತೀವಿ, ಭಾರ ಇರೋ ಕಡೆನೇ ನಿಂತಿರ್ತೀವಿ.

ನಡೆಯೋರು ಗಾಡಿ ದಾರಿಗೆ ಬರ್ಬಾರ್ದು ಅಂತ ನೆಲದ ಮೇಲೆ ಹಳದಿ ಗೆರೆ ಎಳ್ದಿದ್ವಿ. ರಿಪೋರ್ಟ್‌ನಲ್ಲಿ ನಾನು ಮೊದ್ಲು ಬರ್ದಿದ್ದು "ಹಳದಿ ಗೆರೆ ದಾಟಿದ್ದರಿಂದ" ಅಂತ. ದಾಟಿದ್ದ, ನಿಜ. ಆದ್ರೆ ರಾತ್ರಿ ಮನೆಗೆ ಹೋದ್ಮೇಲೂ ಆ ಸಾಲು ಕೊರೀತಾನೇ ಇತ್ತು, ಗೆರೆ ದಾಟದೆ ಅವ್ನು ಪ್ಯಾಲೆಟ್ ಎಣಿಸೋದು ಹೇಗೆ? ಅವ್ನ ಕೆಲಸನೇ ಗೆರೆ ಆಚೆ ಇತ್ತು, ಆ ಕೆಲಸ ಕೊಟ್ಟಿದ್ದು ನಾನು, ಲಾರಿ ಕಾಯ್ತಿದೆ ಬೇಗ ಬೇಗ ಅಂತ ಕೂಗ್ತಿದ್ದಿದ್ದೂ ನಾನೇ. ಬೆಳಿಗ್ಗೆ ಹೋಗಿ ಆ ಸಾಲು ಹೊಡ್ದು ಹಾಕಿ ಬೇರೆ ಬರ್ದೆ.

ಆಮೇಲೆ ಒಂದು ಕೆಲಸ ಮಾಡ್ದೆ, ಇದನ್ನ ಯಾರಾದ್ರೂ ಮಾಡ್ಬಹುದು, ಖರ್ಚಿಲ್ಲ. ಒಂದು ಪೂರ್ತಿ ಶಿಫ್ಟ್ ಆಫೀಸ್ ಮೆಟ್ಟಿಲ ಮೇಲೆ ನಿಂತ್ಕೊಂಡು ಯಾರು ಎಲ್ಲಿ ಗಾಡಿ ದಾರಿ ದಾಟ್ತಾರೆ ನೋಡ್ದೆ, ಪ್ಲಾನ್ ಶೀಟ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕ್ತಾ ಹೋದೆ. 71 ಸಲ ದಾಟಿದ್ರು. ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕುಡಿಯೋ ನೀರಿಗೆ, ಅಟೆಂಡೆನ್ಸ್ ಪಂಚ್ ಮಾಡೋಕೆ. ಎರಡೂ ಇದ್ದಿದ್ದು ಆ ಕಡೆ ಗೋಡೇಲಿ, ಜನ ಇರೋದು ಈ ಕಡೆ. ಬಾಯಾರಿದೋನು ಗೆರೆ ಹಿಡ್ಕೊಂಡು ಸುತ್ತಿ ಹೋಗ್ತಾನಾ, ಹತ್ರದ ದಾರಿ ಹಿಡೀತಾನೆ. ನೀರು, ಪಂಚಿಂಗ್ ಮೆಷಿನ್ ಎರಡನ್ನೂ ಈ ಕಡೆ ತಂದ್ವಿ, ಮಾರನೇ ವಾರ ಮತ್ತೆ ಎಣಿಸಿದ್ರೆ 26. ಇಷ್ಟು ವರ್ಷ ಅದೇ ಜನಕ್ಕೆ ಅಲ್ಲಿ ದಾಟ್ಬೇಡಿ ಅಂತ ಬೈದಿದ್ದು ನೆನಪಾದ್ರೆ ಬೇಜಾರಾಗುತ್ತೆ.

ಉಳಿದ ಜಾಗದಲ್ಲಿ ಗೆರೆ ಬದ್ಲು ಕಬ್ಬಿಣದ ಕಂಬಿ ಹಾಕ್ಸಿದ್ವಿ, ದಾಟೋ ಕಡೆ ನಮ್ಮ ಕಡೆಗೆ ಎಳ್ಕೊಂಡು ತೆಗೆಯೋ ಗೇಟು. ತಳ್ಳೋ ಗೇಟಾದ್ರೆ ಹಾಗೇ ನುಗ್ಗಿಬಿಡ್ತಾರೆ, ಎಳೀಬೇಕು ಅಂದ್ರೆ ಒಂದು ಕ್ಷಣ ನಿಲ್ಲಲೇಬೇಕು. ಆ ಒಂದು ಕ್ಷಣ ಸಣ್ಣದಲ್ಲ. ಗಂಟೆಗೆ 10 ಕಿಲೋಮೀಟರ್ ಅಂದ್ರೆ ನಮಗೆ ನಿಧಾನ ಅನ್ಸುತ್ತೆ, ಲೆಕ್ಕ ಹಾಕಿದ್ರೆ ಸೆಕೆಂಡಿಗೆ 2.8 ಮೀಟರ್, ಆಪರೇಟರ್ ನೋಡಿ ಬ್ರೇಕ್ ಮೇಲೆ ಕಾಲಿಡೋ ಅಷ್ಟರಲ್ಲೇ ಅಷ್ಟು ಮುಂದೆ ಬಂದಿರುತ್ತೆ.

ಇನ್ನೊಂದು, ಆಪರೇಟರ್‌ಗೆ ನಾವು ಕಾಣ್ತೀವಿ ಅನ್ನೋ ನಂಬಿಕೆ. ಹೊಸಬರನ್ನ ಈಗ ಮೊದಲ ದಿನನೇ, ಕೀ ತೆಗೆದಿಟ್ಟು, ಸೀಟಲ್ಲಿ ಕೂರಿಸಿ ತೋರಿಸ್ತೀನಿ. ಫೋರ್ಕ್ ಮೇಲೆ ಕೆಳಗೆ ಓಡಾಡೋ ಮಾಸ್ಟ್‌ನ ಎರಡು ಕಂಬ, ಚೈನು, ಹೋಸು, ಎದುರಿಗೆ ಒಂದು ಪ್ಯಾಲೆಟ್ ಡಬ್ಬ, ಅದ್ರ ಹಿಂದೆ ನಾನೇ ಹೋಗಿ ನಿಂತ್ಕೊಂಡು ಕಾಣ್ತೀನಾ ಅಂತ ಕೇಳ್ತೀನಿ. ಇಲ್ಲ ಸರ್ ಅಂತಾರೆ, ಆ ದನಿಯಲ್ಲೇ ಅರ್ಥ ಆಗಿರೋದು ಗೊತ್ತಾಗುತ್ತೆ. ಎತ್ತರದ ಲೋಡ್ ಇದ್ರೆ ರಿವರ್ಸ್‌ನಲ್ಲಿ ಹೋಗೋದು ಇದಕ್ಕೇ. ಬೀಪ್ ಶಬ್ದ ನಂಬ್ಕೊಂಡ್ರೂ ಆಗಲ್ಲ, ದಿನವಿಡೀ ಕೇಳಿ ಕೇಳಿ ಕಿವಿ ಅದನ್ನ ಬಿಟ್ಟುಬಿಡುತ್ತೆ, ಬ್ಯಾಟರಿ ಗಾಡಿಗಳಂತೂ ಇಂಜಿನ್ ಸದ್ದೇ ಇಲ್ಲದೆ ಪಕ್ಕಕ್ಕೆ ಬಂದಿರ್ತವೆ.

ಮಾತಾಡ್ಬೇಕು ಅಂದ್ರೆ ಈಗ ದೂರದಿಂದ ಕೈ ಎತ್ಬೇಕು, ಆಪರೇಟರ್ ಫೋರ್ಕ್ ನೆಲಕ್ಕಿಳಿಸಿ ಹ್ಯಾಂಡ್‌ಬ್ರೇಕ್ ಹಾಕಿ ಕೀ ಆಫ್ ಮಾಡಿ ಬಾ ಅಂದ್ಮೇಲೇ ಹತ್ರ ಹೋಗ್ಬೇಕು. ಇದಕ್ಕೆ ಟೈಮ್ ಹೋಗುತ್ತೆ, ಆ ಟೈಮನ್ನ ಆಪರೇಟರ್ ಟಾರ್ಗೆಟ್‌ನಿಂದ ಕಳೀಬೇಕು ಅಂತ ಮ್ಯಾನೇಜರ್ ಹತ್ರ ಜಗಳ ಆಡಿ ಒಪ್ಸಿದೀನಿ, ಇಲ್ದಿದ್ರೆ ಎರಡನೇ ವಾರಕ್ಕೇ ರೂಲ್ ಸತ್ತಿರೋದು.

ಇನ್ನೂ ಸರಿಹೋಗದೆ ಇರೋದು ಹೊರಗಿನ ಲಾರಿ ಡ್ರೈವರ್‌ಗಳ ವಿಷಯ. ಅವರಿಗೆ ನಮ್ಮ ಜಾಗ ಗೊತ್ತಿಲ್ಲ, ಲೋಡ್ ಸರಿಯಾಗಿ ಕೂತಿದ್ಯಾ ನೋಡೋಣ ಅಂತ ಇಳಿದು ಸೀದಾ ಗಾಡಿ ಹಿಂದಕ್ಕೇ ಬರ್ತಾರೆ. ಲೋಡಿಂಗ್ ಮುಗಿಯೋವರೆಗೂ ಕೂರೋಕೆ ಒಂದು ರೂಮ್ ಕೇಳಿದೀನಿ, ಅದು ಆಗೋವರೆಗೂ ಒಬ್ಬ ಹೆಲ್ಪರ್‌ನ ಅವರ ಜೊತೆಗೇ ನಿಲ್ಲಿಸ್ತಿದೀನಿ. ಆ ಹುಡುಗ ವಾಪಸ್ ಬಂದು ಎರಡು ತಿಂಗಳಾಯ್ತು, ಈ ಕೆಲಸನ ತಾನೇ ಮಾಡ್ತೀನಿ ಸರ್ ಅಂತ ಕೇಳಿ ತಗೊಂಡಿದಾನೆ.