ಹಿಂದಿನ ಶಾಕಪ್ಪು, ಅಪ್ಪಯ್ಯನ ಸೊಂಟ

ಶಿರಸಿ, 12 ಅಕ್ಟೋಬರ್ 2025, ಭಾನುವಾರ

ಹೋದ ತಿಂಗಳು ಕುಮಟೆಯ ಅಕ್ಕನ ಮನೆಗೆ ಹೋಗಿ ಬಂದ ದಿನ ಅಪ್ಪಯ್ಯ ಅಂಗಳದಲ್ಲಿ ಸೊಂಟ ಹಿಡಿದು ನಿಂತು ಹೇಳಿದ್ದ: “ಇನ್ನು ನಿನ್ನ ಬೈಕಿಗೆ ಆನು ಬತ್ನಿಲ್ಲೆ. ಬಸ್ಸಿಗೆ ಹೋಗ್ತಿ.”

ತಪ್ಪು ಅವನದಲ್ಲ. ದೇವಿಮನೆ ಘಟ್ಟದಲ್ಲಿ ಒಂದೊಂದು ಹೊಂಡಕ್ಕೂ ಹಿಂಭಾಗ ಡಬ್ ಅಂತ ಬಡಿಯುತ್ತಿತ್ತು. ಬಡಿದು ಸುಮ್ನೆ ಇರುತ್ತಿರಲಿಲ್ಲ, ಮತ್ತೆ ಮೂರು ನಾಲ್ಕು ಸಲ ಕುಣಿಯುತ್ತಿತ್ತು. ನನ್ನ ಹೆಗಲು ಹಿಡಿದ ಅಪ್ಪಯ್ಯ ಘಟ್ಟ ಇಳಿದು ಕಟಗಾಲ ದಾಟಿದರೂ ಕೈ ತೆಗೆದಿರಲಿಲ್ಲ.

ಇಷ್ಟು ವರ್ಷ ನನಗೆ ಗೊತ್ತಿದ್ದ ಔಷಧ ಒಂದೇ. ಶಾಕಪ್ಪಿನ, ಅಂದರೆ ಹಿಂಚಕ್ರದ ಎರಡೂ ಬದಿಯ ಶಾಕ್ ಅಬ್ಸಾರ್ಬರಿನ, ಬುಡದ ಬಳೆ ತಿರುಗಿಸಿ ಐದನೇ ಮೆಟ್ಟಿಲಿಗೆ ಇಡುವುದು. ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದೇ ನಂಬಿದ್ದೆ. ಹಾಗಲ್ಲವಂತೆ. ಸ್ಪ್ರಿಂಗ್ ಅದೇ, ಮೊದಲೇ ಸ್ವಲ್ಪ ಒತ್ತಿಟ್ಟ ಹಾಗೆ ಅಷ್ಟೆ. ಗಾಡಿಯ ಹಿಂಭಾಗ ಮೇಲೇಳುತ್ತದೆ. ಕುಣಿತ ನಿಲ್ಲಿಸುವುದು ಒಳಗಿನ ಆಯಿಲ್. ಅದು ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು, ಆ ತಡೆಯೇ ಸ್ಪ್ರಿಂಗಿಗೆ ಕಡಿವಾಣ. ನನ್ನದರಲ್ಲಿ ಬಲಬದಿಯದು ಯಾವಾಗಲೋ ಸೋರಿ ಹೋಗಿತ್ತು. ರಾಡಿನ ಮೇಲೆ ಎಣ್ಣೆ, ಅದಕ್ಕೆ ಮಣ್ಣು ಮೆತ್ತಿಕೊಂಡು ಕಾಣುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಸ್ಪ್ರಿಂಗೂ ಹಳತಾಗಿ ಸೋತಿತ್ತು, ರಾತ್ರಿ ಎದುರಿನ ಬಸ್ಸಿನವರು ಲೈಟ್ ಮಿಣಕಿಸಿ ಬೈಯುತ್ತಿದ್ದದ್ದು ಅದಕ್ಕೇ. ಅಪ್ಪಯ್ಯ ಕೂತರೆ ಹಿಂದೆ ಕುಸಿದು, ನನ್ನ ಹೆಡ್‌ಲೈಟ್ ರಸ್ತೆ ಬಿಟ್ಟು ಮರದ ತುದಿ ನೋಡುತ್ತಿತ್ತು.

ಹೊಸ ಜೋಡಿ ಗ್ಯಾಸ್ ತುಂಬಿದ್ದು, 3,800 ರೂಪಾಯಿ. ಆಯಿಲ್ ನೊರೆ ಬರದ ಹಾಗೆ ನೈಟ್ರೋಜನ್ ಒತ್ತಿ ಹಿಡಿಯುತ್ತದೆ. ಒಂದೇ ಕೆಟ್ಟಿದ್ದರೂ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಎಡಬಲ ಜಗಳ.

ನಿನ್ನೆ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಟ್ಟಿದ್ದೆ. ನಮ್ಮ ಮಳೆಗಾಲ ಕಂಡ ನಟ್ಟು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬೆಳಿಗ್ಗೆ ದೋಸೆ ತಿಂದು, ಡಬಲ್ ಸ್ಟ್ಯಾಂಡ್ ಹಾಕಿ, ಪಾನಾ ಹಿಡಿದು ಕೂತೆ. ಒಂದು ಬದಿ ಪೂರ್ತಿ ಹಾಕಿದ ಮೇಲೇ ಇನ್ನೊಂದು ಬದಿ ಬಿಚ್ಚಬೇಕು. ಎರಡೂ ಒಟ್ಟಿಗೆ ಬಿಚ್ಚಿದರೆ ಚಕ್ರ ಜೋತು ಬೀಳುತ್ತದೆ. ಎಡಬದಿ ಹತ್ತು ನಿಮಿಷ, ಬಲಬದಿ ಒಂದೂವರೆ ತಾಸು. ಆ ಒಂದೂವರೆ ತಾಸಿನಲ್ಲಿ ಆಡಿದ ಮಾತು ಇಲ್ಲಿ ಬರೆಯುವುದಲ್ಲ.

ಆಮೇಲೆ ಅಳತೆ. ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಗುರುತಿಗೆ ಎಷ್ಟು, ನಾನು ಕೂತಾಗ ಎಷ್ಟು. ಟೇಪು ಹಿಡಿಯಲು ಅಪ್ಪಯ್ಯನೇ ಬಂದ, ಕುತೂಹಲ ತಡೆಯಲಾರದೆ. ಚಕ್ರ ಮೇಲೆ ಕೆಳಗೆ ಒಟ್ಟು ಆಡುವ ದೂರದ ಮೂರನೇ ಒಂದು ಪಾಲಿನಷ್ಟು ಕುಸಿದರೆ ಸರಿ. ಇದು ಸುಮಾರು 8 ಸೆಂಟಿಮೀಟರ್ ಆಡುತ್ತದೆ. ಎರಡನೇ ಮೆಟ್ಟಿಲಲ್ಲಿ ನನಗೆ 2.5 ಬಂತು. ಹಳೆಯದರಲ್ಲಿ ನಾನೊಬ್ಬನೇ ಕೂತರೂ 4.5 ಇತ್ತು! ಅಪ್ಪಯ್ಯನಿಗೆಂದು ನಾಲ್ಕಕ್ಕೆ ಏರಿಸಿದೆ. ಚೈನ್ ಸಡಿಲ ಮತ್ತೆ ನೋಡಿ, ಹೆಡ್‌ಲೈಟ್ ಸರಿ ಮಾಡಿದೆ.

ಸಂಜೆ ರಾಗಿಹೊಸಳ್ಳಿವರೆಗೆ ಹೋಗಿ ಚಾ ಕುಡಿದು ಬಂದೆವು. ಹೊಂಡ ಈಗಲೂ ಗೊತ್ತಾಗುತ್ತದೆ, ಅದೇನು ಮಾಯ ಆಗುವುದಿಲ್ಲ. ಆದರೆ ಒಂದೇ ಸಲ ತಗ್ಗಿ, ಎದ್ದು, ಸುಮ್ಮನಾಗುತ್ತದೆ. ಅಮ್ಮಿನಳ್ಳಿ ದಾಟಿದ ಮೇಲೆ ನೋಡಿದರೆ ಅಪ್ಪಯ್ಯನ ಕೈ ನನ್ನ ಹೆಗಲ ಮೇಲಿಲ್ಲ. ಕವಳದ ಸಂಚಿ ಬಿಚ್ಚುತ್ತಿದ್ದ.

ಒಂದು ತಕರಾರು ಉಳಿದಿದೆ. ಹೊಸದು ಹಳೆಯದಕ್ಕಿಂತ ಒಂದು ಸೆಂಟಿಮೀಟರ್ ಉದ್ದ, ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಜಾಸ್ತಿ ವಾಲುತ್ತದೆ. ಸದ್ಯಕ್ಕೆ ಕೆಳಗೊಂದು ಅಡಿಕೆ ದಬ್ಬೆ ತುಂಡು. ಹಳೆ ಶಾಕಪ್ಪನ್ನು ಗುಜರಿಗೆ ಹಾಕಲು ಹೊರಟರೆ ಅಪ್ಪಯ್ಯ ಬಿಡಲಿಲ್ಲ. “ಒಗಿಯಡ, ಎಂತಕ್ಕಾದ್ರೂ ಆಗ್ತು.” ಕೊಟ್ಟಿಗೆಯ ಮೂಲೆಯಲ್ಲಿ, ಅಡಿಕೆ ಹಾಳೆಯ ಮೇಲೆ ಇಟ್ಟಿದ್ದಾನೆ. ಇನ್ನೂ ಒಂದೊಂದೇ ಹನಿ ಸೋರುತ್ತಿದೆ.